ಮೂಡುಗಾಳಿಗೆ ಸತ್ತವನು

ನಮ್ಮೂರಿನ ಬಂದರು ಗೋಪುರದ ತುದಿಯಲ್ಲಿ ಒಂದು ಹಿತ್ತಾಳೆಯ ಮೀನು ಇದೆ. ಗಾಳಿ ಗುಡ್ಡದ ಕಡೆಯಿಂದ ಬೀಸಿದರೆ ಅದರ ಮೂತಿ ಗುಡ್ಡದ ಕಡೆ ತಿರುಗುತ್ತದೆ, ಆಗ ಊರು ಇಂಗ್ಲಿಷರದು. ಸಮುದ್ರದ ಕಡೆಯಿಂದ ಬೀಸಿದರೆ ಮೂತಿ ಸಮುದ್ರಕ್ಕೆ, ಆಗ ಊರು ಫ್ರೆಂಚರದು. ನಾನು ಹುಟ್ಟುವ ಮೊದಲೇ ಹೀಗಿತ್ತು. ನನ್ನ ಅಜ್ಜಿಗೂ ಇದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಸಾಮಾನ್ಯ ದಿನಗಳಲ್ಲಿ ಬೆಳಿಗ್ಗೆ ಗುಡ್ಡದಿಂದ ಮೂಡುಗಾಳಿ, ಮಧ್ಯಾಹ್ನದ ಮೇಲೆ ಸಮುದ್ರದಿಂದ ಪಡುಗಾಳಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪಡುಗಾಳಿಯೇ. ಚಳಿಗಾಲದಲ್ಲಿ ಒಮ್ಮೊಮ್ಮೆ ವಾರಗಟ್ಟಲೆ ಮೂಡುಗಾಳಿಯೇ. ಜನ ಅದಕ್ಕೆ ಹೊಂದಿಕೊಂಡಿದ್ದರು. ಹೆಂಡದವರು ಮಧ್ಯಾಹ್ನ ಅಂಗಡಿ ತೆರೆಯುತ್ತಿದ್ದರು, ಫ್ರೆಂಚರ ಸುಂಕ ಕಡಿಮೆ. ಬೇಲಿಯ ತಕರಾರು ಇದ್ದವರು ಬೆಳಿಗ್ಗೆ ಬೇಗ ಎದ್ದು ಹೊರಡುತ್ತಿದ್ದರು, ಇಂಗ್ಲಿಷರಿಗೆ ನೆಲ ಅಳೆಯುವುದೆಂದರೆ ಪ್ರಾಣ. ಗಾಳಿ ತಿರುಗಿತೆಂದು ಗಂಟೆ ಹೊಡೆದ ಕೂಡಲೆ ಮೀನಿನ ಹೆಂಗಸರು ರಾತಲಿನ ತೂಕದ ಕಲ್ಲನ್ನು ಬುಟ್ಟಿಯ ಅಡಿಗೆ ತಳ್ಳಿ ಕಿಲೋ ಕಲ್ಲನ್ನು ಮೇಲೆ ತೆಗೆಯುತ್ತಿದ್ದರು. ಚೌಕಾಸಿ ಮಾತ್ರ ನಿಲ್ಲುತ್ತಿರಲಿಲ್ಲ.

ನಾನು ಎರಡೂ ಸರ್ಕಾರಗಳಿಗೆ ದುಭಾಷಿಯಾಗಿದ್ದೆ. ಕಚೇರಿಯ ಕಟ್ಟಡ ಒಂದೇ, ಮೇಜು ಒಂದೇ. ಗೋಡೆಯ ಪಟವನ್ನು ಮಾತ್ರ ತಿರುಗಿಸಿ ಹಾಕುತ್ತಿದ್ದರು: ಒಂದು ಮಗ್ಗುಲಲ್ಲಿ ರಾಣಿ, ಇನ್ನೊಂದರಲ್ಲಿ ಫ್ರೆಂಚರ ಗಣರಾಜ್ಯದ ಗುರುತಾದ ಕೆಂಪು ಟೊಪ್ಪಿಗೆಯ ಹೆಣ್ಣು. ಬೆಳಿಗ್ಗೆ ನಾನು ಪೇಟ ಸುತ್ತಿಕೊಂಡು ನಿಂತಿರುತ್ತಿದ್ದೆ, ಮಧ್ಯಾಹ್ನ ಹ್ಯಾಟು ಹಾಕಿಕೊಂಡು ಕೂತಿರುತ್ತಿದ್ದೆ. ಬೆಳಗಿನ ನ್ಯಾಯಾಧೀಶರು ವಿಟ್ಲಾಕ್ ದೊರೆ. ಅವರು ನಮ್ಮ ಭಾಷೆಯನ್ನು ಹಳೆಯ ಕಾವ್ಯಗಳಿಂದ ಕಲಿತವರು. ಅವರ ಕನ್ನಡವನ್ನು ಕನ್ನಡಕ್ಕೆ ತರ್ಜುಮೆ ಮಾಡುವುದೇ ನನ್ನ ಬೆಳಗಿನ ಕೆಲಸ. ನಮ್ಮ ದೈವಗಳ ಹೆಸರು, ಮದುವೆಯ ಕಟ್ಟಳೆ, ಹೆಣ ಒಯ್ಯುವ ದಾರಿ, ಎಲ್ಲವನ್ನೂ ಆಸೆಯಿಂದ ಕೇಳಿ ತಿಳಿದುಕೊಳ್ಳುತ್ತಿದ್ದರು. ಕೇಳುವಾಗ ಯಾರನ್ನೂ ಕೂರಿಸುತ್ತಿರಲಿಲ್ಲ. ಮಧ್ಯಾಹ್ನದವರು ಮುಸ್ಸೆ ಬೆರ್ತಾಂ; ಮುಸ್ಸೆ ಎಂದರೆ ಫ್ರೆಂಚಿನಲ್ಲಿ ಶ್ರೀಯುತರು. ಅವರು ನಮ್ಮ ಭಾಷೆಯ ಒಂದು ಮಾತನ್ನೂ ಕಲಿಯಲಿಲ್ಲ. ಆದರೆ ಬಂದವರಿಗೆಲ್ಲ ಕೈ ಕುಲುಕಿ, ಕುರ್ಚಿ ಎಳೆದು ಕೊಟ್ಟು, ನೀವೂ ನಾವೂ ಒಂದೇ ಎನ್ನುತ್ತಿದ್ದರು. ಒಂದೇ ಆಗಬೇಕಾದರೆ ಯಾರು ಯಾರ ಹಾಗೆ ಆಗಬೇಕು ಎಂದು ಯಾರೂ ಕೇಳುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತವನಿಗೆ ಅಂಥ ಪ್ರಶ್ನೆ ಹೊಳೆಯುವುದೂ ಕಷ್ಟ.

ದೇಜಕ್ಕನ ಹಗ್ಗದ ಅಂಗಳ ಕಚೇರಿಯ ಹಿಂದೆ, ಹೊಳೆ ಸಮುದ್ರ ಸೇರುವಲ್ಲಿತ್ತು. ತೆಂಗಿನ ಸಿಪ್ಪೆ ಕೊಳೆಹಾಕಿ, ಬಡಿದು ನಾರು ತೆಗೆದು, ಹಡಗಿನ ಹಗ್ಗ ಹೊಸೆಯುವ ಉದ್ದನೆಯ ಅಂಗಳ. ಹತ್ತಾರು ಹೆಂಗಸರು ಅಲ್ಲಿ ದುಡಿಯುತ್ತಿದ್ದರು. ನಮ್ಮೂರಿನ ರೂಢಿಯಂತೆ ಅದು ದೇಜಕ್ಕನಿಗೆ ತಾಯಿಯಿಂದ ಬಂದದ್ದು, ತಾಯಿಗೆ ಅಜ್ಜಿಯಿಂದ. ಮುಂದೆ ಮಗಳು ಅಪ್ಪಿಗೆ ಹೋಗಬೇಕಾದದ್ದು. ಗಂಡನಾದವನು ಸಂಜೆ ವೀಳ್ಯದೆಲೆ ಹಿಡಿದುಕೊಂಡು ಬಂದು, ಬೆಳಿಗ್ಗೆ ಎದ್ದು ತನ್ನ ತಾಯಿಮನೆಗೆ ಹೋಗಬೇಕು. ಹಾಗೆ ಬಂದು ಹೋಗುತ್ತಿದ್ದವನು ತ್ಯಾಂಪಣ್ಣ. ಒಳ್ಳೆಯ ಮನುಷ್ಯ. ಒರಟು ಮಾತಾಡಿದವನಲ್ಲ, ಕುಡಿದು ಬಿದ್ದವನಲ್ಲ. ಆದರೆ ತಾಯಿಮನೆಯಲ್ಲಿ ಅಕ್ಕನ ಯಜಮಾನಿಕೆ, ಹೆಂಡತಿಯ ಮನೆಯಲ್ಲಿ ಹೆಂಡತಿಯದು. ಎರಡು ಮನೆಯಲ್ಲಿ ಉಂಡರೂ ಒಂದರಲ್ಲೂ ಅವನನ್ನು ಕೇಳಿ ಸಾರಿಗೆ ಉಪ್ಪು ಹಾಕುತ್ತಿರಲಿಲ್ಲ.

ಅವನೊಮ್ಮೆ ದೋಣಿಯ ಪರವಾನಗಿಗೆಂದು ಮಧ್ಯಾಹ್ನ ಕಚೇರಿಗೆ ಬಂದ. ಮುಸ್ಸೆ ಬೆರ್ತಾಂ ಎದ್ದು ನಿಂತು ಕೈ ಕುಲುಕಿದರು, ಕೂರಿಸಿದರು, ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಯಾವುದರ ಬಗ್ಗೆ ಎಂದು ಅವರಿಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಆದರೂ ತ್ಯಾಂಪಣ್ಣನ ಕಣ್ಣು ಒದ್ದೆಯಾದದ್ದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ಆಮೇಲೆ ಅವನು ದಿನವೂ ಬರತೊಡಗಿದ. ಊರಿನ ರೂಢಿಯನ್ನು ಬಿಟ್ಟುಕೊಡುತ್ತೇನೆಂದು ಒಂದು ಮಾತು ಹೇಳಿದರೆ ಪೂರಾ ಫ್ರೆಂಚನಾಗಬಹುದು, ಮತ ಹಾಕಬಹುದು ಎಂದರು ಮುಸ್ಸೆ. ಅವನು ಹೇಳಿದ. ಅವರು ಅವನೊಡನೆ ಒಂದೇ ಮೇಜಿನಲ್ಲಿ ಊಟ ಮಾಡಿ, ಬೊನಾಮಿ ಎಂಬ ಮನೆತನದ ಹೆಸರನ್ನು ಕೊಟ್ಟರು. ಒಳ್ಳೆಯ ಗೆಳೆಯ ಎಂದು ಅದರರ್ಥ. ಹೊರಡುವಾಗ ಇನ್ನೊಂದು ವಿಷಯವನ್ನೂ ತಿಳಿಸಿದರು: ಫ್ರೆಂಚರ ಕೋಡಿನಲ್ಲಿ, ಎಂದರೆ ಕಾನೂನಿನ ಪುಸ್ತಕದಲ್ಲಿ, ಎಲ್ಲರೂ ಸಮಾನರು, ಹೆಂಡತಿಯ ಸ್ವತ್ತಿಗೆ ಗಂಡನೇ ಒಡೆಯ.

ಆ ಸಂಜೆ ತ್ಯಾಂಪಣ್ಣ ವೀಳ್ಯದೆಲೆ ತರಲಿಲ್ಲ. ಹ್ಯಾಟು ಹಾಕಿಕೊಂಡು ಬಂದು ಅಂಗಳದ ಮಧ್ಯೆ ನಿಂತ. ದೇಜಕ್ಕ ನಾರು ತೂಗುತ್ತಿದ್ದವಳು ತಲೆ ಎತ್ತಿ, ಇದೆಂತ ವೇಷ ಎಂದು ಕೇಳಿದಳು. ಅವನು ನಾಚುತ್ತಲೇ, ಇನ್ನು ಮುಂದೆ ಅಂಗಳದ ವಿಷಯ ಏನಿದ್ದರೂ ತನ್ನ ಒಪ್ಪಿಗೆ ಬೇಕಾಗುತ್ತದೆ ಎಂದ. ಹೆಂಗಸರು ನಕ್ಕರು. ದೇಜಕ್ಕ ನಗಲಿಲ್ಲ. ಮಾರನೆಯ ಮಧ್ಯಾಹ್ನ ಹಡಗಿನವರು ಅವಳ ಕೈಯಿಂದ ಹಗ್ಗ ಕೊಳ್ಳಲು ಒಪ್ಪದೆ, ಮದಾಂ ಬೊನಾಮಿಯವರು ಯಜಮಾನರ ಸಹಿ ತರಬೇಕು ಎಂದಾಗ ಅವಳಿಗೆ ವಿಷಯ ಪೂರ್ತಿ ಅರ್ಥವಾಯಿತು. ಆ ಸಂಜೆಯೇ ಅವಳು ಗಂಡನ ಎದುರಿಗೆ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಅವಳು ವಿಟ್ಲಾಕ್ ದೊರೆಯ ಮುಂದೆ ನಿಂತಳು. ದೊರೆ ಸಮಾಧಾನದಿಂದ ಕೇಳಿದರು. ಪಕ್ಕದ ಸರ್ಕಾರದವರು ಜನರ ಬದುಕಿನಲ್ಲಿ ಕೈ ಹಾಕುತ್ತಾರೆ, ತಮ್ಮದು ಹಾಗಲ್ಲ; ನಿಮ್ಮ ರೂಢಿ ನಿಮಗೆ, ಅದರ ಒಂದು ಎಳೆಯನ್ನೂ ತಾವು ಮುಟ್ಟುವುದಿಲ್ಲ ಎಂದರು. ದೇಜಕ್ಕನ ಮುಖ ಅರಳಿತು. ತಾಯಿಯಿಂದ ಮಗಳಿಗೆ ಎಂದು ಅವಳು ಹೇಳತೊಡಗಿದಾಗ ದೊರೆ ಕೈ ಎತ್ತಿ ನಿಲ್ಲಿಸಿದರು. ರೂಢಿ ಏನೆಂಬುದನ್ನು ಕಕ್ಷಿಗಾರರ ಬಾಯಿಂದ ತಿಳಿಯಲಾಗದು, ಅದಕ್ಕೆ ಬಲ್ಲವರು ಬೇಕು. ಗುಡ್ಡದಾಚೆಯಿಂದ ಒಬ್ಬ ಶಾಸ್ತ್ರಿಗಳನ್ನು ಕರೆಸಿದರು. ಅವರು ನಮ್ಮೂರನ್ನು ನೋಡಿದ್ದು ಅದೇ ಮೊದಲು. ತಾಳೆಗರಿ ಬಿಚ್ಚಿ, ಹೆಣ್ಣಿಗೆ ಎಳವೆಯಲ್ಲಿ ತಂದೆ, ಪ್ರಾಯದಲ್ಲಿ ಗಂಡ, ಮುಪ್ಪಿನಲ್ಲಿ ಮಗ ಆಸರೆಯೆಂದೂ, ತಾಯಿಯಿಂದ ಮಗಳಿಗೆ ಎಂಬ ಕ್ರಮ ಎಲ್ಲೂ ಇಲ್ಲವೆಂದೂ ಹೇಳಿದರು. ಅನಾದಿಕಾಲದಿಂದ ಈ ಊರಿನ ರೂಢಿಯ ಪ್ರಕಾರ ಅಂಗಳ ಗಂಡನದು ಎಂದು ದೊರೆ ತೀರ್ಪು ಬರೆದರು.

"ಇದು ಯಾವ ಊರಿನ ರೂಢಿ?" ಎಂದು ದೇಜಕ್ಕ ನನ್ನನ್ನು ಕೇಳಿದಳು.

ನಾನು ದೊರೆಯನ್ನು ಕೇಳಿದೆ. "ಇದು ನಿಮ್ಮದೇ. ನಿಮಗೆ ವಿಸ್ಮೃತಿಯಾಗಿಹುದು," ಎಂದರು ದೊರೆ, ನಿಜವಾದ ಕನಿಕರದಿಂದ.

ದೇಜಕ್ಕ ಹೋಗಲಿಲ್ಲ. ಕಂಬಕ್ಕೆ ಒರಗಿ ನಿಂತು, ಶಾಸ್ತ್ರಿಗಳನ್ನು ಇನ್ನೊಂದು ಮಾತು ಕೇಳಬೇಕು ಎಂದಳು. ಕುಲದ ಕಟ್ಟಳೆ ಬಿಟ್ಟು, ಹೆಸರು ಬಿಟ್ಟು, ಟೊಪ್ಪಿಗೆಯವರ ಮೇಜಿನಲ್ಲಿ ಉಂಡವನ ಬಗ್ಗೆ ತಾಳೆಗರಿ ಏನು ಹೇಳುತ್ತದೆ? ಶಾಸ್ತ್ರಿಗಳು ಉತ್ಸಾಹದಿಂದ ಇನ್ನೊಂದು ಕಟ್ಟು ಬಿಚ್ಚಿದರು. ಅಂಥವನು ಪತಿತ. ಅವನಿಗಾಗಿ ಕೊಡ ಒಡೆದು ನೀರು ಬಿಡಬೇಕು, ಅಲ್ಲಿಗೆ ಅವನು ಸತ್ತಂತೆ. ಹಾಗಾದರೆ ಸತ್ತವನ ಆಸ್ತಿ ಯಾರಿಗೆ? ಗಂಡುಮಕ್ಕಳಿಲ್ಲದ್ದರಿಂದ ವಿಧವೆ ತಾನು ಬದುಕಿರುವ ತನಕ ಅನುಭವಿಸಬಹುದು, ವಿಧವೆಯ ಹಾಗೆ ಬದುಕಿದರೆ. ಶೀಲ ತಪ್ಪಿದರೆ ಅದು ಸತ್ತವನ ತಮ್ಮನಿಗೆ ಹೋಗುತ್ತದೆ. ದೊರೆಗೆ ಇದು ಬಹಳ ಹಿಡಿಸಿತು. ಅಂದು ಬೆಳಿಗ್ಗೆಯೇ ತ್ಯಾಂಪಣ್ಣ ಸತ್ತ.

ಹೀಗೆ ದೇಜಕ್ಕ ಮೂಡುಗಾಳಿಗೆ ವಿಧವೆ, ಪಡುಗಾಳಿಗೆ ಮದಾಂ ಬೊನಾಮಿ ಆದಳು. ಬೆಳಿಗ್ಗೆ ಬಿಳಿ ಸೀರೆ ಉಟ್ಟು, ಬರಿಗೈಯಲ್ಲಿ, ತನ್ನ ಅಂಗಳವನ್ನು ತಾನೇ ಆಳುತ್ತಿದ್ದಳು. ಗಂಟೆ ಕೇಳಿದ ಕೂಡಲೆ ಯಾವಳಾದರೊಬ್ಬಳು, "ಅಕ್ಕಾ, ಗಾಳಿ ತಿರುಗಿತು," ಎನ್ನುತ್ತಿದ್ದಳು. ದೇಜಕ್ಕ ಒಳಗೆ ಹೋಗಿ ಬಣ್ಣದ ಸೀರೆ ಉಟ್ಟು ಬಳೆ ತೊಟ್ಟು ಬರುವಷ್ಟರಲ್ಲಿ ತ್ಯಾಂಪಣ್ಣ ಹ್ಯಾಟು ಹಾಕಿಕೊಂಡು ಬಾಗಿಲಲ್ಲಿರುತ್ತಿದ್ದ. ಹಗ್ಗದ ಕೆಲಸ ಅವನಿಗೆ ಬಾರದು. ನಾರು ಒಣಗುವ ಮೊದಲೇ ಹೊಸೆಯಲು ಹೇಳುತ್ತಿದ್ದ. ಹೆಂಗಸರು ಆಯಿತು ಎಂದು ತಲೆಯಾಡಿಸಿ ಎಂದಿನಂತೆ ಒಣಗಿಸುತ್ತಿದ್ದರು. ಮಳೆಗಾಲ ಪೂರ್ತಿ ಅವನೇ ಒಡೆಯ. ಫ್ರೆಂಚರು ಕ್ರಾಂತಿಯ ಹಬ್ಬವನ್ನು ಸುರಿಯುವ ಮಳೆಯಲ್ಲಿ ಆಚರಿಸಿ, ಸ್ವಾತಂತ್ರ್ಯಕ್ಕೆ ಜೈ ಎಂದು ಅವನಿಂದಲೂ ಹೇಳಿಸಿದರು. ಹೆಂಡತಿ ಸಂತೆಗೆ ಹೋಗಬಹುದು ಎಂಬ ಚೀಟಿಗೆ ಅವನು ಅದೇ ದಿನ ಸಹಿ ಹಾಕಿ ಬಂದಿದ್ದ. ಅಷ್ಟು ವರ್ಷ ಸಂತೆಗೆ ಹೋಗಲು ಅವನೇ ಅವಳನ್ನು ಕಾಸು ಕೇಳುತ್ತಿದ್ದವನು.

ಮಳೆ ನಿಂತು ಚಳಿ ಹಿಡಿಯಿತು. ಆ ವರ್ಷ ಮೂಡುಗಾಳಿ ಬೀಸತೊಡಗಿದ್ದು ನಿಲ್ಲಲೇ ಇಲ್ಲ. ಹಿತ್ತಾಳೆಯ ಮೀನು ಗುಡ್ಡವನ್ನು ನೋಡುತ್ತ ಬೆಸುಗೆ ಹಾಕಿದಂತೆ ನಿಂತಿತು. ದಿನ ಕಳೆದು ವಾರ, ವಾರ ಕಳೆದು ಮತ್ತೊಂದು ವಾರ, ತ್ಯಾಂಪಣ್ಣ ಸತ್ತೇ ಇದ್ದ. ಮೊದಲಿನಂತೆ ಅರ್ಧ ದಿನದ ಸಾವಾಗಿದ್ದರೆ ಹೇಗೋ ತಳ್ಳಬಹುದಿತ್ತು, ಇದು ಉದ್ದವಾಯಿತು. ದೊರೆಯ ಅಪ್ಪಣೆಯಂತೆ ಅಕ್ಕ ಅವನ ಉತ್ತರಕ್ರಿಯೆಯ ಬೊಜ್ಜ ಮಾಡಿ ಊರಿಗೆ ಊಟ ಹಾಕಿಸಿದ್ದಳು. ಹಾಗೆ ಕಳಿಸಿಕೊಟ್ಟ ತಮ್ಮನಿಗೆ ಮತ್ತೆ ಎಲೆ ಹಾಕುವುದು ಹೇಗೆಂದು ಅವಳಿಗೂ ತಿಳಿಯಲಿಲ್ಲ. ಕ್ಷೌರಿಕ ಅವನ ಗಡ್ಡ ಮುಟ್ಟಲಿಲ್ಲ. ಎಲೆಯಂಗಡಿಯವನು ಅವನ ಮೇಲಿಂದಲೇ ಹಿಂದಿನವನನ್ನು ನೋಡಿ, ಏನು ಬೇಕು ಎಂದು ಕೇಳುತ್ತಿದ್ದ. ಯಾರಿಗೂ ಅವನ ಮೇಲೆ ದ್ವೇಷವಿರಲಿಲ್ಲ. ಕಾನೂನು ಮೀರಿದರೆ ದಂಡ ಬೀಳುತ್ತದೆಂದು ಹೆದರಿಕೆ, ಅಷ್ಟೆ. ಮುಸ್ಸೆ ಬೆರ್ತಾಂ ಮನೆಯೊಳಗೆ ಕೂತು ಗಾಳಿಗಾಗಿ ಕಾಯುತ್ತಿದ್ದರು. ಅವರ ಸರ್ಕಾರವಿಲ್ಲದ ಹೊತ್ತಿನಲ್ಲಿ ಪ್ರಜೆಗಳನ್ನು ಭೇಟಿಯಾಗುವುದು ಸಭ್ಯತೆಯಲ್ಲ. ಹೇಗೋ ಬಾಗಿಲು ತಟ್ಟಿದ ತ್ಯಾಂಪಣ್ಣ, ತಾನು ಮತ್ತೆ ಮೊದಲಿನಂತಾಗಬಹುದೇ ಎಂದು ಕೇಳಿದನಂತೆ. ಫ್ರೆಂಚನಾದವನು ಫ್ರೆಂಚನಲ್ಲದವನಾಗಲು ಯಾಕೆ ಬಯಸುತ್ತಾನೆಂದು ಮುಸ್ಸೆಗೆ ಅರ್ಥವಾಗಲಿಲ್ಲ. ಕೈ ಕುಲುಕಿ ಕಳಿಸಿದರು. ವಿಟ್ಲಾಕ್ ದೊರೆಯ ಬಳಿ ಅರ್ಜಿ ಕೊಡಲು ನಾನೇ ಹೇಳಬಹುದಿತ್ತು, ಆದರೆ ಸತ್ತವರಿಂದ ಅರ್ಜಿ ತೆಗೆದುಕೊಳ್ಳುವ ಕ್ರಮ ಅಲ್ಲಿರಲಿಲ್ಲ.

ಅವನು ಅಲೆತಡೆಯ ಕಲ್ಲುಗಳ ಮೇಲೆ ಸಮುದ್ರಕ್ಕೆ ಮುಖ ಮಾಡಿ ಕೂತಿರುತ್ತಿದ್ದ. ಅಲ್ಲೇ ಜ್ವರ ಹಿಡಿಯಿತು. ಸಿಪ್ಪೆ ತರಲು ಹೊಳೆಬಾಯಿಗೆ ಹೋದ ಹೆಂಗಸರು ಬಂದು ದೇಜಕ್ಕನಿಗೆ ಹೇಳಿದರು. ಅವಳು ಹೋಗಿ, ಅವನ ತೋಳನ್ನು ತನ್ನ ಹೆಗಲ ಮೇಲೆ ಹಾಕಿಕೊಂಡು ಕರೆತಂದು ನಾರಿನ ಕೊಟ್ಟಿಗೆಯಲ್ಲಿ ಮಲಗಿಸಿದಳು. ಬಿಳಿ ಸೀರೆ ಉಟ್ಟ ಹೆಂಗಸು ಹಾಡುಹಗಲೇ ಗಂಡಸನ್ನು ಅಪ್ಪಿ ಹಿಡಿದುಕೊಂಡು ಹೋದದ್ದನ್ನು ಇಡೀ ಬಂದರು ನೋಡಿತು. ಅವಳು ಗಂಜಿ ಕುಡಿಸಿದಳು, ಕಷಾಯ ಕೊಟ್ಟಳು. ಅವನು ಕಣ್ಣು ಬಿಟ್ಟಾಗ ನಾನು ಅಲ್ಲಿದ್ದೆ. "ಗಾಳಿ ತಿರುಗಿತಾ?" ಎಂದು ಕೇಳಿದ. ಇಲ್ಲ, ಸುಮ್ಮನೆ ಮಲಗಿ ಎಂದಳು ದೇಜಕ್ಕ.

ತ್ಯಾಂಪಣ್ಣನ ತಮ್ಮ ಐತಪ್ಪನಿಗೆ ಸುದ್ದಿ ಮುಟ್ಟಿತು. ಅವನು ಅಲ್ಲಿಯ ತನಕ ಅಂಗಳದ ಕಡೆ ತಲೆ ಹಾಕಿದವನಲ್ಲ, ನಮ್ಮ ರೂಢಿಯಲ್ಲಿ ಅದು ಅವನಿಗೆ ಸಂಬಂಧವೇ ಇಲ್ಲದ ಜಾಗ. ಆದರೆ ಶಾಸ್ತ್ರಿಗಳು ಹೇಳಿದ್ದು ಅವನ ಕಿವಿಯಲ್ಲಿತ್ತು. ಅಣ್ಣನ ವಿಧವೆ ಪರಪುರುಷನನ್ನು ಮನೆಯಲ್ಲಿಟ್ಟುಕೊಂಡಿದ್ದಾಳೆ ಎಂದು ವಿಟ್ಲಾಕ್ ದೊರೆಗೆ ದೂರು ಕೊಟ್ಟ. ಆ ಪರಪುರುಷ ಯಾರೆಂದು ಅವನಿಗೂ ಗೊತ್ತು, ದೊರೆಗೂ ಗೊತ್ತು, ಕಚೇರಿಯ ಪಂಕಾ ಎಳೆಯುವವನಿಗೂ ಗೊತ್ತು.

ದೇಜಕ್ಕ ಬಂದು ನಿಂತಳು. ದೊರೆ ಕೆಟ್ಟವರಲ್ಲ, ಅವಳಿಗೆ ಮೂರು ದಾರಿ ತೋರಿಸಿದರು, ನಾನು ಒಂದೊಂದನ್ನೇ ಬಿಡಿಸಿ ಹೇಳಿದೆ. ಆ ಮನುಷ್ಯನನ್ನು ಇಂದೇ ಹೊರಗೆ ಹಾಕಿದರೆ ಎಲ್ಲವೂ ಇದ್ದ ಹಾಗೇ ಇರುತ್ತದೆ, ಅಂಗಳ ಅವಳದು. ಅವನು ಯಾರೋ ಬೇರೆಯವನು, ಹೊರಗೆ ಹಾಕುವುದಿಲ್ಲ ಎಂದರೆ ಅವಳು ಶೀಲ ತಪ್ಪಿದ ಹಾಗೆ, ಅಂಗಳ ಐತಪ್ಪನಿಗೆ. ಅವನು ತ್ಯಾಂಪಣ್ಣನೇ ಎಂದು ಅವಳು ಹೆಂಡತಿಯಾಗಿ ಒಪ್ಪಿಕೊಂಡರೆ, ಶಾಸ್ತ್ರಿಗಳು ಪ್ರಾಯಶ್ಚಿತ್ತ ಮಾಡಿಸಿ ಅವನನ್ನು ಬದುಕಿಸಬಹುದು. ಆಗ ಅಂಗಳ ಬೆಳಿಗ್ಗೆಯೂ ಅವನದೇ, ಮಧ್ಯಾಹ್ನವೂ ಅವನದೇ. ಅವಳಿಗೆ ಯಾವ ಹೊತ್ತಿನಲ್ಲೂ ಏನೂ ಇಲ್ಲ.

ಅವಳು ಮೊದಲನೆಯ ದಾರಿ ಹಿಡಿಯುತ್ತಾಳೆಂದೇ ನಾನು ಎಣಿಸಿದ್ದೆ. ಯಾರೂ ತಪ್ಪು ಹೇಳುತ್ತಿರಲಿಲ್ಲ. ಹೊರಗೆ ಬಾಗಿಲಲ್ಲಿ ಅಂಗಳದ ಹೆಂಗಸರೆಲ್ಲ ಬಂದು ನಿಂತಿದ್ದರು, ಅವರ ಅನ್ನವೂ ಅದರಲ್ಲೇ ಇತ್ತು. ದೇಜಕ್ಕ ಅವರ ಕಡೆ ಒಮ್ಮೆ ನೋಡಿದಳು. ಆಮೇಲೆ ಗೋಡೆಯ ಮೇಲಿನ ರಾಣಿಯನ್ನು, ಏನೋ ಕೇಳಬೇಕೆಂದಿರುವವಳ ಹಾಗೆ ನೋಡಿದಳು.

"ಅವರು ಸತ್ತಿಲ್ಲ ಅಂತ ಬರೀಲಿಕ್ಕೆ ಹೇಳು," ಎಂದಳು.

ನಾನು ತರ್ಜುಮೆ ಮಾಡಲಿಲ್ಲ. ತಗ್ಗಿದ ದನಿಯಲ್ಲಿ, "ದೇಜಕ್ಕ, ಯೋಚಿಸಿ. ಎರಡು ಹೊತ್ತೂ ಕೈ ತಪ್ಪಿ ಹೋಗ್ತದೆ," ಎಂದೆ.

"ಅಂಗಳ ಅವರ ಕೈಯಲ್ಲಿದ್ದರೆ ಅವರ ಹತ್ರ ಜಗಳ ಮಾಡಬಹುದು, ಸಂಕಪ್ಪ. ತಾಳೆಗರಿಯ ಹತ್ರ, ಕೋಡಿನ ಹತ್ರ ಎಂತ ಜಗಳ ಮಾಡುವುದು? ನೀನು ಹೇಳು ಅವರಿಗೆ."

ನಾನು ಹೇಳಿದೆ. ದೊರೆ ತೃಪ್ತಿಯಿಂದ ಬರೆದುಕೊಂಡರು.

ತ್ಯಾಂಪಣ್ಣ ಗುಣವಾಗಿ ಎದ್ದ. ಎರಡು ಸಾಮ್ರಾಜ್ಯಗಳ ಕಾನೂನಿನ ಪ್ರಕಾರ ಈಗ ಹಗಲಿರುಳೂ ಅವನೇ ಒಡೆಯ. ಅವನೇನು ಮಾಡುತ್ತಾನೆಂದು ಊರು ಕಾದು ನೋಡಿತು. ಎದ್ದು ಓಡಾಡುವಷ್ಟು ಶಕ್ತಿ ಬಂದ ದಿನ ಅವನು ತಾಯಿಮನೆಗೆ ಹೋದ. ಸಂಜೆ ಬಂದಾಗ ತಲೆಯ ಮೇಲೆ ಹ್ಯಾಟು ಇರಲಿಲ್ಲ, ಕೈಯಲ್ಲಿ ವೀಳ್ಯದೆಲೆಯ ಕಟ್ಟು ಇತ್ತು. ಹೊಸ್ತಿಲಿನ ಹೊರಗೆ ನಿಂತು, ಒಳಗೆ ಬರಲಾ ಎಂದು ಕೇಳಿದ. ದೇಜಕ್ಕ ತಕ್ಷಣ ಬನ್ನಿ ಎನ್ನಲಿಲ್ಲ. ಬಹಳ ಹೊತ್ತು ಜಗಳ ಮಾಡಿದಳು. ಮಳೆಗಾಲದ ಹಸಿ ನಾರಿನಿಂದ ಹಿಡಿದು ಸಂತೆಯ ಚೀಟಿಯ ತನಕ ಒಂದನ್ನೂ ಬಿಡಲಿಲ್ಲ. ಬೀದಿಯವರೆಲ್ಲ ಕೇಳಿಸಿಕೊಂಡರು. ಅವನು ತಲೆ ತಗ್ಗಿಸಿ ನಿಂತೇ ಇದ್ದ. ಕೊನೆಗೆ ಅವಳು ಎಲೆಯ ಕಟ್ಟನ್ನು ಕೈಯಿಂದ ತೆಗೆದುಕೊಂಡಳು.

ಆಮೇಲೆ ಅವರು ಬಹಳ ವರ್ಷ ಚೆನ್ನಾಗಿ ಬಾಳಿದರು. ಕೊಳ್ಳುವವರು ಕೇಳಿದಾಗ ತ್ಯಾಂಪಣ್ಣ ಸಹಿ ಹಾಕುತ್ತಿದ್ದ. ಯಾವುದಕ್ಕೆ ಹಾಕಬೇಕೆಂದು ದೇಜಕ್ಕ ಹೇಳುತ್ತಿದ್ದಳು. ವಯಸ್ಸಾದ ಮೇಲೆ ಹೊಸೆಯುವುದನ್ನೂ ಕಲಿತ. ಹೆಂಗಸರ ಸಾಲಿನ ತುದಿಯಲ್ಲಿ ಕೂತು ಹುರಿ ತಿರುವುತ್ತಿದ್ದ ಒಡೆಯನನ್ನು ಹೊರಗಿನವರು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ವಿಟ್ಲಾಕ್ ದೊರೆ ನಿವೃತ್ತರಾಗುವ ಮೊದಲು, ದೇಶೀಯರ ಪುರಾತನ ರೂಢಿಯನ್ನು ಗೌರವಿಸಿದ್ದರ ಫಲವೆಂದು ಈ ಸಂಸಾರದ ಬಗ್ಗೆ ಮೇಲಿನವರಿಗೆ ಬರೆದರು. ಹಳೆಯ ರೂಢಿಯಿಂದ ಬಿಡುಗಡೆ ಮಾಡಿದ್ದರ ಫಲವೆಂದು ಮುಸ್ಸೆ ಬೆರ್ತಾಂ ಬರೆದರು. ಎರಡೂ ಬರಹಕ್ಕೆ ವಿವರ ಕೊಟ್ಟವನು ನಾನೇ. ಇಬ್ಬರೂ ಕೇಳಿದ್ದು ಬೇರೆ ಬೇರೆ ಪ್ರಶ್ನೆ, ಆದ್ದರಿಂದ ಸುಳ್ಳು ಹೇಳುವ ಪ್ರಮೇಯವೇ ಬರಲಿಲ್ಲ.

ಮತ್ತೊಂದು ಚಳಿಗಾಲದಲ್ಲಿ ತ್ಯಾಂಪಣ್ಣ ನಿಜವಾಗಿ ಸತ್ತ. ಮಧ್ಯಾಹ್ನದ ಗಂಜಿ ಕುಡಿದು ನಾರಿನ ರಾಶಿಗೆ ಒರಗಿದವನು ಏಳಲಿಲ್ಲ. ಅಪ್ಪಿ ಬಂದು ನನ್ನನ್ನು ಕರೆದಳು. ನಾನು ಹೋದಾಗ ದೇಜಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸುದ್ದಿ ಕಚೇರಿಗೆ ಮುಟ್ಟಿದರೆ ಏನಾಗುತ್ತದೆಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ದೇಜಕ್ಕ ಮತ್ತೆ ವಿಧವೆ, ಅವಳ ತರುವಾಯ ಅಂಗಳ ಐತಪ್ಪನ ಮಕ್ಕಳಿಗೆ. ಗಾಳಿ ತಿರುಗಿದರೆ ಕೋಡಿನಂತೆ ಮಗಳಿಗೆ, ಎಂದರೆ ಅಪ್ಪಿಯ ಗಂಡನಿಗೆ. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೂ ಬಾಯಿ ತೆರೆದು ಅಳಲಿಲ್ಲ. ಹೊಳೆಬದಿಯ ಮರಳಿನಲ್ಲಿ ಸಿಪ್ಪೆ ಹೂಳುವವರ ಹಾಗೆ ಗುಂಡಿ ತೋಡಿದರು, ಅಲ್ಲಿ ಅದು ದಿನದ ಕೆಲಸ. ಅವನನ್ನು ಅದರಲ್ಲಿ ಮಲಗಿಸಿ, ಮರಳು ಮುಚ್ಚಿ ಬಂದು ಮತ್ತೆ ಹಗ್ಗ ಹೊಸೆದರು. ದೇಜಕ್ಕ ಬಣ್ಣದ ಸೀರೆ ಬಿಡಲಿಲ್ಲ.

ತ್ಯಾಂಪಣ್ಣ ಆಮೇಲೂ ತೆರಿಗೆ ಕಟ್ಟುತ್ತ ಬಂದ. ಫ್ರೆಂಚರ ಪ್ರತಿ ಚುನಾವಣೆಯಲ್ಲಿ ಮತ ಹಾಕಿದ. ಸತ್ತ ಮೇಲೂ ಮತ ಹಾಕುತ್ತಿದ್ದವನು ಅವನೊಬ್ಬನೇ ಆಗಿರಲಿಲ್ಲ, ಯಾರೂ ತನಿಖೆಯ ಮಾತೆತ್ತಲಿಲ್ಲ. ಅಪ್ಪಿ ಅಂಗಳದ ಲೆಕ್ಕವನ್ನೆಲ್ಲ ಕೈಗೆ ತೆಗೆದುಕೊಂಡಳು, ಅವಳ ಹಿರಿಮಗಳು ನಾರು ಬಡಿಯಲು ಕಲಿತಳು. ಒಂದು ವರ್ಷ ಇಂಗ್ಲಿಷ್ ಸರ್ಕಾರ ತ್ಯಾಂಪಣ್ಣನಿಗೆ ರಾವ್ ಸಾಹೇಬ ಬಿರುದು ಕೊಟ್ಟಿತು. ಅದನ್ನು ಕೇಳಿ ಫ್ರೆಂಚರು ಸುಮ್ಮನಿರಲಾರದೆ ಒಂದು ಪದಕ ಕೊಟ್ಟರು. ಎರಡೂ ಸಮಾರಂಭ ಒಂದೇ ದಿನ, ಗಾಳಿ ತಿರುಗಿದ ಗಂಟೆಯ ಆಚೆ ಈಚೆ. ಎರಡಕ್ಕೂ ದೇಜಕ್ಕ ಒಬ್ಬಳೇ ಬಂದಳು. ಆಗ ಅವಳ ಬೆನ್ನು ಬಾಗಿತ್ತು. ಬೆಳಗಿನ ಹೊಸ ದೊರೆ, ರಾವ್ ಸಾಹೇಬರು ಯಾಕೆ ಬರಲಿಲ್ಲ ಎಂದು ಕೇಳಿದರು. ನಾನು ಅವಳತ್ತ ತಿರುಗಿದೆ. ಅವಳು ಅಂದು ಬೆಳಿಗ್ಗೆ ಹೊಳೆಬದಿಗೆ ಹೋಗಿ ಬಂದಿರಬೇಕು, ಕಾಲಿಗೆ ಮರಳು ಅಂಟಿತ್ತು.

"ಮಲಗಿದ್ದಾರೆ, ಎದ್ದು ಬರಲಿಕ್ಕೆ ಆಗುವುದಿಲ್ಲ ಅಂತ ಹೇಳು, ಸಂಕಪ್ಪ," ಎಂದಳು. "ಸುಳ್ಳೇನಲ್ಲವಲ್ಲ."

ನಾನು ಅದನ್ನು ಬೆಳಿಗ್ಗೆ ನಿಂತುಕೊಂಡು ಇಂಗ್ಲಿಷಿನಲ್ಲಿ ಹೇಳಿದೆ, ಮಧ್ಯಾಹ್ನ ಕೂತುಕೊಂಡು ಫ್ರೆಂಚಿನಲ್ಲಿ ಹೇಳಿದೆ. ಇಬ್ಬರೂ ಬೇಗ ಗುಣವಾಗಲಿ ಎಂದು ಹಾರೈಸಿದರು. ದೇಜಕ್ಕನ ಕಣ್ಣು ತುಂಬಿತು. ಅದು ಕೃತಜ್ಞತೆಯ ಕಣ್ಣೀರೆಂದು ಇಬ್ಬರೂ ತಿಳಿದುಕೊಂಡರು, ನಾನು ಅದನ್ನು ಯಾವ ಭಾಷೆಗೂ ತರ್ಜುಮೆ ಮಾಡಲಿಲ್ಲ.